ಎರಡು ಬಟನ್ ಆಳ

ಏಪ್ರಿಲ್ ೩, ಗುರುವಾರ

ಅಕ್ಕ ಫೋನು ಮಾಡಿದಾಗ ನಾನು ಶಾಲೆಯಲ್ಲಿದ್ದೆ. ಶಾಲೆಯೆಂದರೆ ನನ್ನ ಡ್ರೈವಿಂಗ್ ಶಾಲೆ. ಒಂದು ಕೋಣೆ, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಕಲಿಯುವವರಿಗೆ ತೋರಿಸಲೆಂದು ಸೀಳಿಟ್ಟ ಹಳೆಯ ಇಂಜಿನ್. ಮೂವತ್ತು ವರ್ಷ ಈ ಊರಿಗೆಲ್ಲ ಕ್ಲಚ್ ಬಿಡುವುದನ್ನು ಕಲಿಸಿದವನು ನಾನು. ಹೋದ ವರ್ಷ ಎಡಗಣ್ಣು ಕೈಕೊಟ್ಟಿತು, ಅದರ ಜೊತೆಗೆ ಲೈಸೆನ್ಸೂ ಹೋಯಿತು. ಈಗ ರಸ್ತೆಯ ಪಾಠವನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ನಾನು ಕೂತು ಪಟ ತೋರಿಸುತ್ತೇನೆ.

ಅಕ್ಕ ಕಣಿವೆಯ ತುದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಳೆ ಅಳೆಯುವ ಕೆಲಸದಲ್ಲಿದ್ದಾಳೆ. ಈಗ ಇಲಾಖೆಯವರು ತಾನಾಗಿಯೇ ಅಳೆಯುವ ಯಂತ್ರ ತಂದು ನಿಲ್ಲಿಸಿದ್ದಾರೆ. ಹತ್ತನೆಯ ತಾರೀಖಿಗೆ ಅವಳ ಕೆಲಸ ಮುಗಿಯುತ್ತದೆ.

"ಆಫೀಸಿನ ಲಾರಿ ಕಳಿಸ್ತಾರಂತೆ ಕಣೋ. ಆ ಡ್ರೈವರ್ ಕೂರಿಸ್ಕೊಂಡು ಹೋಗೋ ರೀತಿಗೆ ನನ್ನ ಸೊಂಟ ಅರ್ಧ ದಾರೀಲೇ ಉಳಿಯುತ್ತೆ. ನೀವೇ ಬನ್ನಿ. ಮಳೆ ಶುರುವಾದ್ರೆ ನಾಲ್ಕು ತಿಂಗಳು ದಾರಿ ಬಂದ್."

ಆ ದಾರಿಯಲ್ಲಿ ಒಂಬತ್ತು ಹಳ್ಳಗಳು. ಸೇತುವೆ ಒಂದೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ನಾನೂ ನನ್ನವಳೂ ನಮ್ಮ ಹಳೆಯ ಜೀಪಿನಲ್ಲಿ ಹೋಗಿಬರುತ್ತಿದ್ದೇವೆ. ಜೀಪಿಗೆ ಎಮ್ಮೆ ಎಂದು ಹೆಸರು. ನೀರು ಕಂಡರೆ ಅದಕ್ಕೆ ಅಷ್ಟು ಪ್ರೀತಿ.

ಮನೆಗೆ ಬಂದು ಹೇಳಿದೆ. ಅವಳು ಹೊಲಿಗೆ ಮೇಜಿನ ಮೇಲೆ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ತಲೆ ಎತ್ತದೆ, "ನಾನು ಓಡಿಸ್ತೀನಿ," ಅಂದಳು.

ಇವಳಿಗೆ ನಾನು ಕಲಿಸಲಿಲ್ಲ. ಒಮ್ಮೆ ಕೂರಿಸಿಕೊಂಡೆ, ಹತ್ತನೇ ನಿಮಿಷಕ್ಕೆ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ನಡೆದು ಮನೆಗೆ ಹೋದಳು. ಆಮೇಲೆ ಎದುರು ಬೀದಿಯ ಶಾಲೆಯಲ್ಲಿ, ನನ್ನ ಹೊಟ್ಟೆಗೆ ಹೊಡೆಯುವವನ ಹತ್ತಿರ, ನನಗೆ ಹೇಳದೆ ಕಲಿತು ಲೈಸೆನ್ಸ್ ತಂದು ಊಟದ ಮೇಜಿನ ಮೇಲಿಟ್ಟಳು. ಹಿತ್ತಲ ಗಿಡ ಮದ್ದಲ್ಲ.

ಒಂದು ಮಾತು ಇಲ್ಲಿ ಮಾತ್ರ ಬರೆದಿಡುತ್ತೇನೆ. ಮೂರು ವಾರದ ಹಿಂದೆ ಕಣ್ಣಿನ ಡಾಕ್ಟರು ಬಲಗಣ್ಣೂ ಎಡಗಣ್ಣಿನ ದಾರಿಯನ್ನೇ ಹಿಡಿದಿದೆ ಎಂದರು. ಬೇಗ ಆಪರೇಷನ್ ಆಗಬೇಕಂತೆ. ಚೀಟಿ ನನ್ನ ಕನ್ನಡಕದ ಡಬ್ಬಿಯಲ್ಲಿದೆ. ಇವಳಿಗೆ ಹೇಳಿದರೆ ಪ್ರಯಾಣವೇ ಇಲ್ಲ, ಅಕ್ಕ ಲಾರಿಯಲ್ಲಿ ಬರಬೇಕು. ಹೋಗಿಬಂದ ಮೇಲೆ ಹೇಳಿದರಾಯಿತು. ನೇರ ಎದುರಿಗಿರುವುದು ಇನ್ನೂ ಕಾಣುತ್ತದೆ. ಸಾಕಷ್ಟು ಕಾಣುತ್ತದೆ.

ಏಪ್ರಿಲ್ ೬, ಭಾನುವಾರ

ಒಂದು ಮತ್ತು ಎರಡನೆಯ ಹಳ್ಳ ಆಯಿತು.

ನಮ್ಮ ನಿಯಮ ಒಂದೇ: ಗಾಡಿ ಇಳಿಯುವ ಮುನ್ನ ಮನುಷ್ಯ ಇಳಿಯಬೇಕು. ನಡೆಯಲಾಗದ ನೀರಿನಲ್ಲಿ ಚಕ್ರವೂ ಹೋಗಕೂಡದು. ಇಷ್ಟು ವರ್ಷ ನಾನು ಸ್ಟೀರಿಂಗ್ ಹಿಡಿದು ಕೂರುತ್ತಿದ್ದೆ, ಅವಳು ಕೋಲು ಹಿಡಿದು ನೀರಿನಲ್ಲಿ ನಡೆದು ಕೂಗಿ ಹೇಳುತ್ತಿದ್ದಳು. "ಪಾದ." "ಮೀನಖಂಡ." "ಮೊಣಕಾಲು." ಕೊನೆಯದು "ಮೊಣಕಾಲ ಮೇಲೆ ನಾಲ್ಕು ಬೆರಳು." ಅಲ್ಲಿಯವರೆಗೆ ಹೋಗಬಹುದು, ಅದರ ಮೇಲೆ ಒಂದು ಬೆರಳು ಬಂದರೂ ವಾಪಸ್. ಈ ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ಈ ಸಲ ಅವಳು ಸ್ಟೀರಿಂಗಿನಲ್ಲಿ, ನಾನು ನೀರಿನಲ್ಲಿ. ನೀರಿಗಿಳಿದ ಮೇಲೆ ಮಳೆಯೇನು ಚಳಿಯೇನು ಎಂದು ಗಾದೆ ಮಾಡಿದವನು ಈ ಹಳ್ಳಕ್ಕೆ ಇಳಿದಿರಲಿಲ್ಲ. ಮೂರು ಹೆಜ್ಜೆಗೆ ಬಾಯಿಂದ ನನಗೇ ಗೊತ್ತಿಲ್ಲದ ಶಬ್ದ ಬಂತು.

"ಎಷ್ಟಿದೆ?" ಎಂದು ಕೂಗಿದಳು.

"ಪಾದ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ!"

"ನಾನು ನೀರು ಎಷ್ಟಿದೆ ಅಂತ ಕೇಳಿದ್ದು ರೀ."

ಮೀನಖಂಡ ಇತ್ತು. ದಾಟಿಸಿದಳು. ನೀರಿನ ನಡುವೆ ಗೇರ್ ಬದಲಿಸಬಾರದೆಂದು ಮೂರು ಸಲ ಹೇಳಿದ್ದರೂ ಕೈ ಗೇರಿನ ಮೇಲೆಯೇ ಇತ್ತು, ದೂರದಿಂದ ಕಂಡಿತು. ದಡ ಏರಿದ ಮೇಲೆ ಎತ್ತಿನ ಗಾಡಿ ನಿಲ್ಲಿಸಿದ ಹಾಗೆ ಬ್ರೇಕು. ಪರೀಕ್ಷೆಗೆ ಬಂದಿದ್ದರೆ ಫೇಲು ಮಾಡುತ್ತಿದ್ದೆ. ಹೆಂಡತಿಯಾದ್ದರಿಂದ ಹತ್ತಕ್ಕೆ ನಾಲ್ಕು.

ನಾನು ಹತ್ತಿ ಕೂತು ನಡುಗುತ್ತಿದ್ದಾಗ ಸೀಟಿನ ಹಿಂದಿನ ಚೀಲದಿಂದ ಒಣ ಕಾಲುಚೀಲ ತೆಗೆದುಕೊಟ್ಟಳು.

"ಇದೆಲ್ಲಿತ್ತು?"

"ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದೆ."

ನಾನು ನೋಡೇ ಇರಲಿಲ್ಲ. ಅವಳು ನಡೆದು ಬಂದು ಹತ್ತುವಾಗ ನಾನು ಸಾಮಾನ್ಯವಾಗಿ "ಬೇಗ ಬಾ, ಇಂಜಿನ್ ಬಿಸಿಯಾಗ್ತಿದೆ" ಎನ್ನುತ್ತಿದ್ದೆ.

ಈ ಪೆನ್ನಿನ ಮಸಿ ಬಹಳ ತೆಳು.

ಏಪ್ರಿಲ್ ೭, ಸೋಮವಾರ

ಮೂರನೆಯ ಹಳ್ಳದಲ್ಲಿ ಮಾನ ಹೋಯಿತು. ಪ್ರಾಣ ಹೋಗಲಿಲ್ಲ ಎಂಬುದೇ ಸಮಾಧಾನ.

ನಡೆದು ನೋಡಿದೆ. ನಡುವಿನಲ್ಲಿ ನಿಂತು ಬೆರಳಿಟ್ಟು ಅಳೆದು ಕೂಗಿದೆ: "ಮೊಣಕಾಲ ಮೇಲೆ ನಾಲ್ಕು ಬೆರಳು!" ಅಂದರೆ ಹೋಗಬಹುದು. ಅವಳು ಎಮ್ಮೆಯ ಮುಖಕ್ಕೆ ಕ್ಯಾನ್ವಾಸ್ ಪರದೆ ಕಟ್ಟಿ (ಅವಳೇ ಹೊಲಿದದ್ದು, ನೀರು ನೇರ ಇಂಜಿನ್ನಿಗೆ ನುಗ್ಗದಿರಲೆಂದು) ಲೋ ಗೇರಿನಲ್ಲಿ ಇಳಿಸಿದಳು. ನಾನು ವಾಪಸ್ ಬಂದು ಪಕ್ಕದಲ್ಲಿ ಕೂತಿದ್ದೆ. ನಡುವಿಗೆ ಬರುವಷ್ಟರಲ್ಲಿ ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಹೊಲಿಗೆ ಡಬ್ಬಿ ತೇಲಿತು, ಬ್ರೆಡ್ಡು ತೇಲಿತು, ನನ್ನ ಒಂದು ಚಪ್ಪಲಿ ಗೇರಿನ ತನಕ ಬಂದು ನನ್ನನ್ನೇ ನೋಡಿತು. ಎಮ್ಮೆ ಕೆಮ್ಮಿತು. ಆದರೆ ಇವಳು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಆಚೆ ದಡ ಏರಿ ಬಾಗಿಲು ತೆರೆದಾಗ ಬಕೆಟ್ ಮಗುಚಿದ ಹಾಗೆ ನೀರು ಸುರಿಯಿತು.

"ನಾಲ್ಕು ಬೆರಳು ಅಂದ್ರಲ್ಲ!"

"ನಾಲ್ಕೇ ಬೆರಳು ಇದ್ದದ್ದು! ಅಳೆದಿದ್ದೀನಿ!"

"ಯಾರ ಮೊಣಕಾಲು?"

ಆಗ ಇಬ್ಬರಿಗೂ ಹೊಳೆಯಿತು. ಅವಳು ನನ್ನ ಭುಜದವರೆಗೂ ಬರುವುದಿಲ್ಲ. ಇಪ್ಪತ್ತೆರಡು ವರ್ಷ ನಾವು ದಾಟಿದ್ದು ಅವಳ ಮೊಣಕಾಲಿನಿಂದ, ಅವಳ ಬೆರಳಿನಿಂದ. ಅವಳು ಒದ್ದೆ ಡಬ್ಬಿಯಿಂದ ಇಂಚು ಟೇಪು ತೆಗೆದು ಅಲ್ಲೇ ದಡದ ಮೇಲೆ ಅಳೆದಳು. ಅವಳದು ಬೆರಳೂ ಸೇರಿ ಹತ್ತೊಂಬತ್ತೂವರೆ ಇಂಚು, ನನ್ನದು ಇಪ್ಪತ್ತನಾಲ್ಕೂವರೆ. ಜೀಪಿನ ಬಾಗಿಲ ಹೊಸ್ತಿಲು ಇಪ್ಪತ್ತು.

"ಗಂಡಸರ ಪ್ಯಾಂಟು, ಹೆಂಗಸರ ಅಳತೆ," ಎಂದು ನಗಲು ಶುರುಮಾಡಿದಳು. ನನಗೆ ನಗು ಬರಲಿಲ್ಲ. ಅವಳ ನಗು ನಿಲ್ಲದಿದ್ದಾಗ ಬಂತು.

ಸಂಜೆಯವರೆಗೆ ಗಾಡಿಯ ಹಿಂದಿನ ಹಲಗೆಯ ಮೇಲೆ ಕೂತು ನನ್ನ ಪ್ಯಾಂಟಿಗೆ ಎರಡು ಬಣ್ಣದ ಟೇಪು ಹೊಲಿದಳು. ಇನ್ನು ಯಾರ ಮೊಣಕಾಲೂ ಬೇಡ, ಜೀಪಿನ ಅಳತೆ. ಚಕ್ರದ ನಡುವಿಗೆ ಸರಿಯಾಗಿ ನೀಲಿ, ಬಾಗಿಲ ಹೊಸ್ತಿಲಿಗಿಂತ ಒಂದಿಂಚು ಕೆಳಗೆ ಕೆಂಪು. ಕೆಂಪು ಮುಳುಗಿದರೆ ವಾಪಸ್.

ಅವಳಿಗೆ ಐದು. ಕಾಲು ತೆಗೆಯದಿದ್ದುದಕ್ಕೆ ಇನ್ನೊಂದು ಸೇರಿಸಿ ಆರು. ನನಗೆ ಎರಡು.

ಏಪ್ರಿಲ್ ೮, ಮಂಗಳವಾರ

ನಾಲ್ಕನೆಯದರಲ್ಲಿ ಏನೂ ಇಲ್ಲ, ಕೋಳಿ ದಾಟುವಷ್ಟು ನೀರು.

ಐದನೆಯದರಲ್ಲಿ ಆಳ ಸರಿಯಾಗಿಯೇ ಹೇಳಿದೆ. ನಿಜ ಹೇಳಬೇಕೆಂದರೆ ಒದ್ದೆಯಾದ ಮೇಲೆ ಕೆಂಪು ಯಾವುದು ನೀಲಿ ಯಾವುದು ತಿಳಿಯಲಿಲ್ಲ, ಎರಡೂ ಕಪ್ಪು. ಕೆಳಗಿನದು ನೀಲಿ ಇರಲೇಬೇಕು ಎಂಬ ಲೆಕ್ಕದ ಮೇಲೆ ಹೇಳಿದೆ. ಆಚೆ ದಡ ಏರುವ ಜಾಗ ದೊಡ್ಡ ಬಂಡೆಯ ಬಲಕ್ಕಿದೆ ಎಂದೂ ಕೂಗಿದೆ. ಅವಳು ಬಲಕ್ಕೆ ತಂದಳು. ಹತ್ತಿರ ಬಂದಾಗ ಅದು ದಾರಿಯಲ್ಲ, ಕೊರೆದ ದಡದ ನೆರಳು. ಚಕ್ರ ಒಂದು ಮೊಳ ದೂರದಲ್ಲಿದ್ದಾಗ ಎಡಕ್ಕೆ ತಿರುಗಿಸಿ ಏರಿಸಿಬಿಟ್ಟಳು.

"ಬಲಕ್ಕೆ ಅಂದ್ರಿ."

"ಬಿಸಿಲು ಕಣ್ಣಿಗೆ ಹೊಡೀತು ಕಣೇ."

ಮೋಡ ಇತ್ತು. ಅದು ಹೇಳಿದ ಮೇಲೆ ಗಮನಕ್ಕೆ ಬಂತು. ಅವಳು ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

ಟೀ ಕುಡಿಯುವಾಗ ಸೂಜಿ ದಾರ ಮುಂದಿಟ್ಟು, "ಪೋಣಿಸಿ ಕೊಡಿ, ನನ್ನ ಕೈ ಮರಗಟ್ಟಿದೆ," ಅಂದಳು. ಎಂಟು ಸಲ ಪ್ರಯತ್ನಿಸಿದೆ. "ನಿನ್ನ ಸೂಜಿಗೇ ಕಣ್ಣಿಲ್ಲ," ಎಂದು ರೇಗಿ ವಾಪಸ್ ಕೊಟ್ಟೆ. ಅವಳು ತಾನೇ ಒಂದೇ ಸಲಕ್ಕೆ ಪೋಣಿಸಿಕೊಂಡಳು. ಮರಗಟ್ಟಿದ ಕೈ!

ಅವಳಿಗೆ ಏಳು. ನನಗೆ ಕೊಡುವುದಿಲ್ಲ.

ಈಗಲೇ ಹೇಳಿಬಿಡಬೇಕೇನೋ. ಆದರೆ ಐದು ಹಳ್ಳ ದಾಟಿ ಬಂದಾಗಿದೆ. ಹೇಳಿದರೆ ಇವಳು ಇಲ್ಲಿಂದಲೇ ತಿರುಗಿಸುತ್ತಾಳೆ. ಅಕ್ಕ ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ಕೂತಿರುತ್ತಾಳೆ.

ಏಪ್ರಿಲ್ ೯, ಬುಧವಾರ

ಬೆಳಿಗ್ಗೆ ಪ್ಯಾಂಟು ಹಾಕಿಕೊಳ್ಳಲು ಹೋದರೆ ಟೇಪುಗಳು ಮಾಯ. ಬಲಗಾಲಿನ ಹೊರ ಹೊಲಿಗೆಯ ಮೇಲೆ, ನೀಲಿ ಇದ್ದಲ್ಲಿ ಒಂದು ಬಟನ್, ಕೆಂಪು ಇದ್ದಲ್ಲಿ ಪಕ್ಕಪಕ್ಕ ಎರಡು. ಕೋಟಿಗೆ ಹಾಕುವ ದಪ್ಪ ಬಟನ್‌ಗಳು.

"ಇದೇನು ಫ್ಯಾಷನ್?"

"ಟೇಪು ನೀರಲ್ಲಿ ಕಿತ್ಕೊಂಡು ಬರ್ತಿತ್ತು."

ಮೂವತ್ತು ವರ್ಷ ಹೊಲಿದವಳಿಗೆ ಒಂದು ಟೇಪು ನಿಲ್ಲುವಂತೆ ಹೊಲಿಯಲು ಬರಲಿಲ್ಲವೇ ಎಂದುಕೊಂಡೆ. ಆದರೂ ಇದೇ ಅನುಕೂಲ. ಬಗ್ಗಿ ನೋಡುವುದು ಬೇಕಿಲ್ಲ, ಕೈ ಇಳಿಬಿಟ್ಟು ತಡವಿದರೆ ಸಾಕು.

ಇನ್ನೊಂದು ಹೊಸ ಚಾಳಿ. ನಾನು ನೀರಿನಲ್ಲಿ ನಡೆಯುವಾಗ ಆಗಾಗ ಹಾರ್ನ್ ಹೊಡೆಯುತ್ತಾಳೆ.

"ಯಾರಿಗೆ ಹಾರ್ನು? ಮೀನಿಗಾ?"

"ಎಮ್ಮೆಗೆ ಬೇಜಾರಾಗದಿರ್ಲಿ ಅಂತ."

ಏಳನೆಯ ಹಳ್ಳಕ್ಕೆ ನಾವು ಅತ್ತೆ ಎನ್ನುತ್ತೇವೆ. ಹೆಸರಿಟ್ಟವಳು ಇವಳೇ, ನಮ್ಮಮ್ಮ ಇದ್ದಾಗಲೇ. ಮೇಲೆ ಶಾಂತ, ಒಳಗೆ ಸೆಳೆತ, ಕೇಳದೆ ದಾಟುವಂತಿಲ್ಲ. ಇವತ್ತು ಅತ್ತೆ ಒಳ್ಳೆಯ ಮನಸ್ಸಿನಲ್ಲಿದ್ದಳು, ಒಂದು ಬಟನ್ನಿಗೂ ಕೆಳಗೆ. ಇವಳು ಪ್ರವಾಹದ ಜೊತೆಗೇ ಸ್ವಲ್ಪ ಕೆಳಕ್ಕೆ ಓರೆಯಾಗಿ ಬಿಟ್ಟು, ಒಂದೇ ವೇಗದಲ್ಲಿ, ಮುಂದೆ ಏಳುವ ಅಲೆಯ ಹಿಂದೆ ಹಿಂದೆಯೇ ಬಂದಳು. ನಾನು ಹೇಳಿಕೊಟ್ಟದ್ದಲ್ಲ. ಎದುರು ಬೀದಿಯವನು ಹೇಳಿಕೊಟ್ಟಿರಲು ಸಾಧ್ಯವೇ ಇಲ್ಲ, ಅವನು ಮಳೆಯ ದಿನ ಗಾಡಿಯನ್ನೇ ತೆಗೆಯುವುದಿಲ್ಲ. ಇಷ್ಟು ವರ್ಷ ದಡದಲ್ಲಿ ನಿಂತು ನನ್ನನ್ನು ನೋಡಿ ಕಲಿತಿದ್ದಾಳೆ.

ಎಂಟು. ಒಂಬತ್ತು ಕೊಡಬಹುದಿತ್ತು, ತಲೆಗೇರೀತು.

ಸಂಜೆ ಐದಕ್ಕೆ ಅಕ್ಕನ ಮನೆ. ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನನ್ನ ಪ್ಯಾಂಟು ನೋಡಿ, "ಇದೇನೋ ಬ್ಯಾಂಡ್ ಸೆಟ್ಟಿಗೆ ಸೇರ್ಕೊಂಡಿದ್ದೀಯಾ?" ಅಂದಳು.

ಏಪ್ರಿಲ್ ೧೦, ಗುರುವಾರ

ಬೆಳಿಗ್ಗೆ ಎಂಟಕ್ಕೆ ಅಕ್ಕ ಕೊನೆಯ ಸಲ ಮಳೆಯ ಡಬ್ಬಿ ತೆಗೆದು ಗಾಜಿನ ಅಳತೆಗೆ ಸುರಿದಳು. ಮೊಣಕಾಲೂರಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದಳು. ಆ ಸೊಂಟದಲ್ಲಿ. ಐದು ಹೆಜ್ಜೆ ಆಚೆ ಹೊಸ ಯಂತ್ರ ತನ್ನ ಪಾಡಿಗೆ ತಾನು ಅಳೆಯುತ್ತ ನಿಂತಿತ್ತು.

"ನಿಂತ್ಕೊಂಡೇ ಓದ್ಬಾರ್ದಾ ಅಕ್ಕ? ಒಂದು ಗೆರೆ ಆಚೆಈಚೆ ಆದ್ರೆ ಯಾರು ಕೇಳ್ತಾರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರೀಬೇಕು ಕಣೋ. ಅಂದಾಜಲ್ಲಿ ಒಂದು ಸಂಖ್ಯೆ ಬರೆದ್ರೆ, ಕೆಳಗಡೆ ಊರಲ್ಲಿ ಯಾರೋ ಅದನ್ನ ನಂಬ್ಕೊಂಡು ಹೊಳೆ ದಾಟ್ತಾರೆ."

ಕನ್ನಡಕದ ಡಬ್ಬಿಯನ್ನು ಜೇಬಿನಲ್ಲಿ ಇನ್ನೂ ಕೆಳಕ್ಕೆ ತಳ್ಳಿದೆ.

ಏಪ್ರಿಲ್ ೧೧, ಶುಕ್ರವಾರ

ಮಧ್ಯಾಹ್ನದಿಂದ ಮೇಲಿನ ಗುಡ್ಡಗಳಲ್ಲಿ ಮೋಡ. ನಾಳೆ ಬೆಳಗಾಗುತ್ತಲೇ ಹೊರಡುವುದು. ಅಕ್ಕನ ಇಪ್ಪತ್ತೆರಡು ವರ್ಷ ನಾಲ್ಕು ಟ್ರಂಕಿನಲ್ಲಿ ಹಿಡಿಸಿತು. ಕೆಟಲ್ ಮಾತ್ರ ಮಡಿಲಲ್ಲೇ ಇಟ್ಟುಕೊಳ್ಳುತ್ತಾಳಂತೆ.

ಏಪ್ರಿಲ್ ೧೨, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಒಂಬತ್ತನೆಯ, ಎಂಟನೆಯ ಹಳ್ಳ ದಾಟಿ ಹನ್ನೆರಡು ಗಂಟೆಗೆ ಅತ್ತೆಯ ದಡಕ್ಕೆ ಬಂದೆವು. ಮೂರು ದಿನದ ಹಿಂದೆ ತಳದ ಕಲ್ಲು ಕಾಣುತ್ತಿದ್ದ ನೀರು ಟೀ ಬಣ್ಣಕ್ಕೆ ತಿರುಗಿತ್ತು.

"ಮೇಲೆ ಸುರಿದಿದೆ. ಕಾಯೋಣ," ಅಂದಳು ಅಕ್ಕ.

"ನಡೆದು ನೋಡ್ತೀನಿ. ನೋಡೋಕೇನು?"

"ಬೇಡ ರೀ," ಅಂದಳು ಇವಳು.

"ಇಪ್ಪತ್ತೆರಡು ವರ್ಷ ನೀನು ಇಳಿದಾಗ ನಾನು ಬೇಡ ಅಂದಿದ್ನಾ?"

"ಅದೇ. ಒಂದು ಸಲಾನೂ ಅಂದಿರ್ಲಿಲ್ಲ."

ಆ ಮಾತಿಗೆ ನಿಂತು ಯೋಚಿಸಬೇಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಾನು. ಇಳಿದೆ.

ಹತ್ತು ಹೆಜ್ಜೆಗೆ ಒಂದು ಬಟನ್ ಮುಳುಗಿತು. ಇನ್ನೈದು ಹೆಜ್ಜೆಗೆ ಎರಡೂ ಮುಳುಗಿದವು. ಕೈಗೆ ಸ್ಪಷ್ಟವಾಗಿ ಸಿಕ್ಕಿತು. ವಾಪಸ್ ಎಂದು ತಿರುಗಿದೆ. ತಿರುಗುವಾಗ ಕಾಲಡಿಯ ಕಲ್ಲು ಹೊರಳಿ, ನೀರು ನನ್ನನ್ನು ಅರ್ಧ ಸುತ್ತು ತಿರುಗಿಸಿತು. ಕೋಲು ಊರಿ ಹೇಗೋ ನಿಂತೆ. ತಲೆ ಎತ್ತಿದರೆ ದಡ ಇಲ್ಲ. ಕಂದು ನೀರು, ಕಂದು ಮಣ್ಣು, ಬೂದು ಆಕಾಶ, ಎಲ್ಲ ಒಂದೇ ಬಟ್ಟೆ. ಯಾವ ಕಡೆಯಿಂದ ಬಂದೆ, ಯಾವ ಕಡೆ ಹೋಗಬೇಕು, ಒಂದೂ ತಿಳಿಯಲಿಲ್ಲ. ಅವರು ಕೂಗುತ್ತಿದ್ದರೇನೋ, ನೀರಿನ ಸದ್ದಿನಲ್ಲಿ ಕೇಳಲಿಲ್ಲ. ಅರವತ್ತೊಂದು ವರ್ಷದಲ್ಲಿ ಇಷ್ಟು ಹೆದರಿದ್ದಿಲ್ಲ.

ಆಗ ಹಾರ್ನ್ ಕೇಳಿಸಿತು. ಒಂದು ಸಲ. ಬಿಟ್ಟು ಇನ್ನೊಂದು ಸಲ. ಬಲಗಿವಿಯ ಹಿಂದೆ. ಅತ್ತ ಮುಖ ಮಾಡಿದೆ. ಒಂದು ಹೆಜ್ಜೆ ಇಟ್ಟೆ, ಮತ್ತೆ ಹಾರ್ನ್. ಒಂದು ಬಟನ್ ನೀರಿನಿಂದ ಹೊರಗೆ ಬಂತು. ಕಾಲು ದಡ ಮುಟ್ಟುವವರೆಗೂ ಅವಳು ನಿಲ್ಲಿಸಲಿಲ್ಲ.

ನನ್ನ ಕಾಲರು ಹಿಡಿದು ಮೇಲಕ್ಕೆಳೆದಳು. ಕೂರಿಸಲಿಲ್ಲ, ಒರೆಸಲಿಲ್ಲ. "ಆಚೆ ದಡದಲ್ಲಿ ದಾರಿ ಎಲ್ಲಿದೆ? ಕೈ ಮಾಡಿ ತೋರ್ಸಿ."

ಕೈ ಎತ್ತಿದೆ. ಎಲ್ಲಿಗೆಂದು ತೋರಿಸಲಿ? ಇಳಿಸಿದೆ.

"ಕಾಣ್ತಿಲ್ಲ ಕಣೇ," ಅಂದೆ. "ಬಲಗಣ್ಣೂ ಹೋಗ್ತಿದೆ." ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದುಕೊಟ್ಟೆ. ಒದ್ದೆಯಾಗಿತ್ತು. ಬಿಡಿಸಿ ಓದಿದಳು. ತಾರೀಖು ನೋಡಿದಳು.

"ಒಂದು ತಿಂಗಳಾಯ್ತು."

"ಹೂಂ."

"ನೀವು ಬಾ ಅಂದ್ರೆ ಬರ್ತೀನಿ ನಾನು. ನೀವು ಹೋಗ್ಬಹುದು ಅಂದ್ರೆ ಕಣ್ಣು ಮುಚ್ಕೊಂಡು ಗಾಡಿ ಇಳಿಸ್ತೀನಿ. ನಿಮ್ಮ ಮಾತು ನಂಬಿ! ನಾನು ಮುಳುಗಿದ್ರೆ? ಅತ್ತಿಗೆ ಇದಾರೆ ಗಾಡೀಲಿ, ಅವರು ಮುಳುಗಿದ್ರೆ? ಇಪ್ಪತ್ತೆರಡು ವರ್ಷ ನಾನು ಯಾವತ್ತಾದ್ರೂ ಕಾಣದೆ ಇರೋದನ್ನ ಕಂಡೆ ಅಂದಿದ್ದೀನಾ?"

ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಾಯಿಂದ ಒಂದೇ ಮಾತು ಬಂತು, "ತಪ್ಪಾಯ್ತು." ಆಮೇಲೆ ಪ್ಯಾಂಟಿನ ಬಟನ್‌ಗಳ ಮೇಲೆ ಕೈ ಹೋಯಿತು. ಆಗಲೇ ನನಗೆ ತಿಳಿದದ್ದು.

"ನಿನಗೆ ಗೊತ್ತಿತ್ತಾ?"

"ಐದನೇ ಹಳ್ಳದಿಂದ. ಇಲ್ದಿದ್ರೆ ಟೇಪು ಕಿತ್ತು ಬಟನ್ ಯಾಕೆ ಹಾಕ್ತಿದ್ದೆ? ಹಾರ್ನ್ ಯಾಕೆ ಹೊಡೀತಿದ್ದೆ?" ಅಲ್ಲಿಗೆ ಅವಳ ದನಿ ಒಡೆಯಿತು. "ನೀವೇ ಹೇಳ್ತೀರಿ ಅಂತ ಕಾದೆ. ಗೊತ್ತಿದ್ದೂ ಇವತ್ತು ಇಳಿಯೋಕೆ ಬಿಟ್ಟೆ. ನಂದೂ ತಪ್ಪೇ."

ಅತ್ತಳು. ನಾನೂ ಅತ್ತೆ. ಅಕ್ಕ ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ, "ಇಬ್ರೂ ಅತ್ತು ಹಳ್ಳಕ್ಕೆ ಇನ್ನೆರಡು ಇಂಚು ಸೇರಿಸ್ಬೇಡಿ, ಬಂದು ಟೀ ಕುಡೀರಿ," ಅಂದಳು. ಕೆಟಲ್ ಆಗಲೇ ಗಾಡಿಯ ಹಿಂದಿನ ಸಣ್ಣ ಒಲೆಯ ಮೇಲಿತ್ತು.

ನೀರಿನ ಅಂಚಿಗೆ ಅಕ್ಕ ಒಂದು ಗೂಟ ಹೊಡೆಸಿದ್ದಾಳೆ. ಇಳಿಯುವವರೆಗೂ ಯಾರೂ ಕದಲುವುದಿಲ್ಲ. ಹಾಗೆಂದು ಮೊದಲು ಹೇಳಿದವನು ನಾನೇ.

ಏಪ್ರಿಲ್ ೧೩, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಅಕ್ಕ ಗೂಟ ನೋಡಿದಳು. "ಆರು ಬೆರಳು ಇಳಿದಿದೆ."

"ಯಾರ ಬೆರಳು?" ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು.

"ನಂದು. ಇಲಾಖೆಯ ಬೆರಳು."

ಯಾರು ನಡೆಯುವುದು ಎಂಬ ಪ್ರಶ್ನೆ ಬಂತು. ನಾನು ಒಬ್ಬನೇ ಹೋಗುವಂತಿಲ್ಲ. ಅವಳೊಬ್ಬಳೇ ಹೋಗಲೆಂದು ನಿನ್ನೆಯವರೆಗಾದರೆ ಒಪ್ಪುತ್ತಿದ್ದೆ, ಇವತ್ತು ಬಾಯಿ ಬರಲಿಲ್ಲ. ಆ ಸೆಳೆತಕ್ಕೆ ಅವಳ ತೂಕ ಏನೇನೂ ಸಾಲದು. ಇಷ್ಟು ವರ್ಷ ಹೇಗೆ ನಿಂತಳೋ. ಕೊನೆಗೆ ಇಬ್ಬರೂ ಇಳಿದೆವು. ತೋಳಿಗೆ ತೋಳು, ನೀರು ಬರುವ ಕಡೆಗೆ ನಾನು, ನನ್ನ ಮರೆಗೆ ಅವಳು. ನಾನು ನೀರನ್ನು ಒಡೆಯುವುದು, ಅವಳು ದಾರಿ ನೋಡುವುದು. ಅಕ್ಕ ಜೀಪಿನಲ್ಲಿ ಕೂತು ಹತ್ತು ಎಣಿಸಿ ಒಂದು ಹಾರ್ನ್. ಸರ್ಕಾರಿ ಕೆಲಸ ಮಾಡಿದವಳು, ಒಂದು ಸಲವೂ ತಪ್ಪಲಿಲ್ಲ.

"ಎಡಕ್ಕೆ ಸ್ವಲ್ಪ. ಮುಂದೆ ಕಲ್ಲಿದೆ, ಸುತ್ತಿ ಬನ್ನಿ," ಎಂದು ಅವಳು.

"ಇಲ್ಲಿ ತಳ ಮರಳು, ಮೆತ್ತಗಿದೆ. ಗಾಡಿಗೆ ಬೇಡ, ಇನ್ನೊಂದಡಿ ಮೇಲೆ ಹೋಗೋಣ," ಎಂದು ನಾನು. ಕಾಲಿಗೆ ಇಷ್ಟೆಲ್ಲ ತಿಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ನಡುವಿನಲ್ಲಿ ಕೇಳಿದಳು, "ಎಷ್ಟಿದೆ?"

ತಡವಿದೆ. ಮತ್ತೊಮ್ಮೆ ತಡವಿದೆ. "ಒಂದು ಮುಳುಗಿದೆ. ಎರಡರ ಕೆಳಗೆ ಎರಡು ಬೆರಳು ಜಾಗ ಇದೆ. ನನ್ನ ಬೆರಳು."

"ಸರಿಯಾಗಿ?"

"ಸರಿಯಾಗಿ."

"ಹಾಗಾದ್ರೆ ಹೋಗ್ಬಹುದು."

ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಹೀಗೆ ಕಟಕಟಿಸಿತೋ, ದಡದ ಮೇಲೆ ಕೂತವನಿಗೆ ಕೇಳಿಸುವುದಿಲ್ಲ. ಆಚೆ ದಡದವರೆಗೆ ಹೋಗಿ, ಏರುವ ಜಾಗ ನೋಡಿ, ವಾಪಸ್ ಬಂದೆವು. ಅವಳನ್ನು ಕೂರಿಸಿ, ಕೆಟಲಿನ ಬಿಸಿನೀರಿಗೆ ತಣ್ಣೀರು ಬೆರೆಸಿ ಕಾಲಿಗೆ ಹೊಯ್ದೆ. ಬೆರಳುಗಳು ನೀಲಿಗಟ್ಟಿವೆ ಎಂದು ಅಕ್ಕ ಹೇಳಿದಳು. ನಾನು ಕೈಯಿಂದ ಉಜ್ಜಿದೆ. ಒಣ ಕಾಲುಚೀಲ ಎಲ್ಲಿದೆಯೆಂದು ಈಗ ನನಗೆ ಗೊತ್ತು.

ಆಮೇಲೆ ಅವಳು ಓಡಿಸಿದಳು. ಕಾಣದವನು ದಡದಲ್ಲಿ ನಿಂತು ಏನು ಮಾಡಲಿ, ಪಕ್ಕದ ಸೀಟಿನಲ್ಲಿ ಕೂತೆ. ಕಣ್ಣು ಮುಚ್ಚಿಕೊಂಡೆ. ನೀರು ಬಾಗಿಲಿಗೆ ಬಡಿಯುವುದು ಕೇಳಿತು. ಇಂಜಿನ್ನಿನ ದನಿ ಒಂದೇ ಸಮ ಇತ್ತು, ಮೇಲೆ ಹೋಗಲಿಲ್ಲ, ಕೆಳಗೆ ಬರಲಿಲ್ಲ. ನಡುವೆ ಒಂದು ಕಡೆ ಚಕ್ರ ಜಾರಿದಂತಾಗಿ "ಕಾಲು ತೆಗೀಬೇಡ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ತೆಗೆಯಲಿಲ್ಲ. ಮುಂದಿನ ಚಕ್ರ ದಡ ಕಚ್ಚಿತು, ಹಿಂದಿನದು ಏರಿತು. ಕಾಲಡಿಯ ಚಾಪೆ ಒಣಗಿಯೇ ಇತ್ತು.

"ಮೇಷ್ಟ್ರು ಯಾಕೋ ಸುಮ್ನಿದಾರೆ," ಅಂದಳು ಅಕ್ಕ ಹಿಂದಿನಿಂದ.

ಬ್ರೇಕು ಒಣಗಲೆಂದು ಅವಳು ಮೆಲ್ಲಗೆ ಎರಡು ಸಲ ಒತ್ತಿದಳು. ಅದನ್ನೂ ಹೇಳಿಕೊಡಬೇಕಾಗಲಿಲ್ಲ.

ಏಪ್ರಿಲ್ ೧೪, ಸೋಮವಾರ

ಆರನೆಯ ಹಳ್ಳದಿಂದ ಒಂದನೆಯದರವರೆಗೆ ಎಲ್ಲವನ್ನೂ ಇಬ್ಬರೂ ನಡೆದೆವು. ನಾಲ್ಕನೆಯದು ಕೋಳಿ ದಾಟುವ ಹಳ್ಳ, ಅಲ್ಲೂ ನಡೆದೆವು. ಅಕ್ಕ ಹಾರ್ನ್ ಹೊಡೆದಳು. ಕಾಲುಚೀಲ ಸಾಲದೆ ಅಕ್ಕನದು ಇಸಿದುಕೊಂಡೆ.

ಏಪ್ರಿಲ್ ೨೪, ಗುರುವಾರ

ಇವಳು ಬಟ್ಟೆಗೆ ಗುರುತು ಹಾಕುವ ದಪ್ಪ ಪೆನ್ನು ಕೊಟ್ಟಿದ್ದಾಳೆ. ಪುಟಕ್ಕೆ ಆರೇ ಸಾಲು ಹಿಡಿಸುತ್ತದೆ, ಆದರೆ ಬರೆದದ್ದು ಕಾಣುತ್ತದೆ.

ಡಾಕ್ಟರು ಚೆನ್ನಾಗಿ ಬೈದರು. ಇವಳು ಪಕ್ಕದಲ್ಲಿ ಕೂತು ಒಂದೊಂದು ಮಾತಿಗೂ ತಲೆಯಾಡಿಸಿದಳು. ಸೋಮವಾರ ಆಪರೇಷನ್. ಇರುವುದನ್ನು ಉಳಿಸಲು ನೋಡುತ್ತಾರೆ, ಹೋದದ್ದು ಬರುವುದಿಲ್ಲ. ಓದುವುದು ಕಷ್ಟವಾಗಬಹುದು ಎಂದರು.

"ಪೇಪರ್ ನಾನು ಓದ್ತೀನಿ," ಅಂದಳು ಮನೆಗೆ ಬರುವ ದಾರಿಯಲ್ಲಿ, ಗೇರ್ ಬದಲಿಸುತ್ತ. "ಕಾಗದ ಪತ್ರ, ಏನಿದ್ರೂ ಕೊಡಿ. ಓದಿ ಹೇಳ್ತೀನಿ."

"ಇದನ್ನೂನಾ?" ಎಂದು ಈ ಪುಸ್ತಕ ತೋರಿಸಿದೆ.

"ನೀವು ಕೊಟ್ರೆ."

ಆವಾಗಿನಿಂದ ಅದೇ ಯೋಚನೆ. ಇದರಲ್ಲಿ ಎತ್ತಿನ ಗಾಡಿಯ ಬ್ರೇಕು ಇದೆ. ಹತ್ತಕ್ಕೆ ನಾಲ್ಕು ಇದೆ. ಹೆಂಡತಿಯಾದ್ದರಿಂದ ಎಂದು ಬೇರೆ ಬರೆದಿದ್ದೇನೆ. ಅವನ್ನು ಮಾತ್ರ ಹೊಡೆದುಹಾಕೋಣವೆಂದು ದಪ್ಪ ಪೆನ್ನು ಹಿಡಿದು ಕಿಟಕಿಯ ಬೆಳಕಿಗೆ ಕೂತೆ. ಹಳೆಯ ಮಸಿ ತೆಳು. ಪುಟ ತಿರುಗಿಸಿದೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದೆ, ಯಾವ ಸಾಲು ಯಾವುದೆಂದು ತಿಳಿಯಲಿಲ್ಲ. ಅಂದಾಜಲ್ಲಿ ಗೆರೆ ಎಳೆದರೆ ಬೇಕಾದ ಮಾತೇ ಹೋದೀತು.

ಗೆರೆ ಎಳೆಯಲಿಲ್ಲ. ಅವಳನ್ನು ಕೂಗಿದೆ. ಹೊಲಿಗೆ ಯಂತ್ರದ ಸದ್ದು ನಿಂತಿದೆ, ಕೈ ಒರೆಸಿಕೊಂಡು ಬರುತ್ತಿದ್ದಾಳೆ. ಮೊದಲ ಪುಟದಿಂದ ಓದಲಿ.